ಅಪ್ಪ, ಅಮ್ಮನ ಕಣ್ಣಿಗೆ ಯಾವ ಚಿಕಿತ್ಸೆ? ಲೆನ್ಸಿನ ದರಪಟ್ಟಿ ನೋಡುವ ಮೊದಲು ಹಾಕಬೇಕಾದ ಲೆಕ್ಕ

ಹೊಳಲ್ಕೆರೆ ಕಡೆಯ ಒಬ್ಬರು, ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು, ಮೊಳಕಾಲ್ಮೂರಿನ ನೇಕಾರರೊಬ್ಬರ ಮಗ, ಹೀಗೆ ಮೂವರು ಬೇರೆ ಬೇರೆ ಮಾತಿನಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಮನೆಯ ಹಿರಿಯರಿಗೆ ಕಣ್ಣು ಮಂಜಾಗಿದೆ. ಊರಿಗೆ ಬಂದ ಶಿಬಿರದವರು ಉಚಿತವಾಗಿ ಆಪರೇಷನ್ ಮಾಡುತ್ತೇವೆ ಎನ್ನುತ್ತಾರೆ, ದಾವಣಗೆರೆಯಲ್ಲಿ ತೋರಿಸಿದಾಗ ಮೂರು ದರದ ಲೆನ್ಸುಗಳ ಪಟ್ಟಿ ಕೈಗೆ ಕೊಟ್ಟಿದ್ದಾರೆ, ನೆಂಟರೊಬ್ಬರು ಇದ್ಯಾವುದೂ ಬೇಡ, ಬೆಂಗಳೂರಿಗೇ ಕರೆದುಕೊಂಡು ಬನ್ನಿ ಎನ್ನುತ್ತಾರೆ. ಯಾವುದನ್ನು ಆರಿಸಬೇಕು?

ನಾನು ವೈದ್ಯನಲ್ಲ. ಅಪ್ಪ, ಅಮ್ಮ ಮತ್ತು ಸೋದರತ್ತೆ ಮೂವರನ್ನೂ ಹತ್ತಾರು ಸಲ ಕಣ್ಣಿನ ಆಸ್ಪತ್ರೆಗಳಿಗೆ ಕರೆದೊಯ್ದವನು, ಪಾಪೆ ಅಗಲವಾಗುವ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತವರ ಪಕ್ಕದಲ್ಲಿ ಗಂಟೆಗಟ್ಟಲೆ ಕಾದವನು. ಆ ಕಾಯುವಿಕೆಯಲ್ಲಿ ಕೇಳಿ ತಿಳಿದದ್ದನ್ನು, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಹಿರಿಯರ ಕಣ್ಣನ್ನು ನೋಡಿದ ವೈದ್ಯರ ಮಾತೇ ಕೊನೆಯದು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಆ ಐದು ನಿಮಿಷ ಸಾರ್ಥಕವಾಗುತ್ತದೆ.

ಯಾವ ಅಳತೆಗೋಲಿನಿಂದ ತೂಗಬೇಕು

ಮೊದಲನೆಯದು, ಕಾಯಿಲೆ ಯಾವುದು ಎಂಬುದು. ವಯಸ್ಸಾದವರ ಕಣ್ಣು ಮಂಜಾಗಲು ಕಾರಣ ಒಂದೇ ಅಲ್ಲ, ಒಂದೇ ಕಣ್ಣಿನಲ್ಲಿ ಎರಡು ಕಾರಣಗಳು ಕೂಡಿಕೊಂಡಿರುವುದೂ ಅಪರೂಪವಲ್ಲ. ಎರಡನೆಯದು, ಆ ಹಿರಿಯರು ದಿನವಿಡೀ ಏನು ಮಾಡುತ್ತಾರೆ ಎಂಬುದು. ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವ ಅಜ್ಜಿಗೆ, ಮಗ್ಗದ ಮೇಲೆ ಜರಿಯ ಎಳೆ ಎಣಿಸುವ ನೇಕಾರರಿಗೆ, ಮುಂಜಾನೆ ಬೈಕಿನಲ್ಲಿ ತೋಟಕ್ಕೆ ಹೋಗುವ ಅರವತ್ತೈದರ ರೈತರಿಗೆ ಬೇಕಾದ ನೋಟ ಒಂದೇ ಅಲ್ಲ. ಮೂರನೆಯದು, ಎಷ್ಟು ಸಲ ಹೋಗಬೇಕು, ಪ್ರತಿ ಸಲ ಜೊತೆಗೆ ಹೋಗುವವರು ಯಾರು ಎಂಬುದು. ನಾಲ್ಕನೆಯದು ಹಣ, ಮೊದಲ ದಿನ ಕಟ್ಟುವ ಹಣವಲ್ಲ, ಎರಡು ವರ್ಷದಲ್ಲಿ ಒಟ್ಟು ಆಗುವ ಖರ್ಚು. ಐದನೆಯದನ್ನು ಬಹಳ ಜನ ಮರೆಯುತ್ತಾರೆ: ಏನಾದರೂ ಹೆಚ್ಚುಕಡಿಮೆಯಾದರೆ ಅದೇ ದಿನ ಆಪರೇಷನ್ ಮಾಡಿದವರ ಬಳಿ ತಲುಪಲು ಆಗುತ್ತದೆಯೇ?

ಇವುಗಳಲ್ಲಿ ಮೂರನೆಯದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಕಾರಣ ಮುಂದೆ ಬರುತ್ತದೆ.

ಮಂಜು ಎಂದರೆ ಪೊರೆಯೇ ಅಲ್ಲ

ನಮ್ಮ ಕಡೆ ಕಣ್ಣು ಕಾಣದಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು, ಪೊರೆ ಬಂದಿದೆ ಎಂದು. ಬಹುಪಾಲು ಸಲ ಅದು ನಿಜವೂ ಹೌದು. ಕಣ್ಣಿನೊಳಗಿನ ತಿಳಿಯಾದ ಮಸೂರ ವಯಸ್ಸಿಗೆ ಮಾಸಿ, ಬೆಳಕು ಒಳಗೆ ಹೋಗದಂತಾಗುವುದೇ ಪೊರೆ. ನೋವಿಲ್ಲದೆ ನಿಧಾನವಾಗಿ ಮಂಜಾಗುತ್ತದೆ, ರಾತ್ರಿ ಎದುರಿನ ಲಾರಿಯ ದೀಪ ಚೆಲ್ಲಾಡಿದಂತೆ ಕಾಣುತ್ತದೆ. ಇದಕ್ಕೆ ಹನಿ, ಗುಳಿಗೆ, ಜೇನುತುಪ್ಪ ಯಾವುದೂ ಮದ್ದಲ್ಲ. ನಂದಿಬಟ್ಟಲ ಹೂವಿನ ನೀರಿನಿಂದ ಕಣ್ಣು ತೊಳೆಯುವ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ಕಣ್ಣಿಗೆ ತಂಪೆನಿಸಿರಬಹುದು, ಪೊರೆಯನ್ನಂತೂ ಅದು ಕರಗಿಸಲಿಲ್ಲ.

ಎರಡನೆಯದು ಮ್ಯಾಕುಲಾ ಸವೆತ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಪದರವಾದ ರೆಟಿನಾದ ನಟ್ಟನಡುವೆ ಇರುವ, ಓದಲು ಮತ್ತು ಮುಖ ಗುರುತಿಸಲು ಬೇಕಾದ ಚಿಕ್ಕ ಜಾಗ ಹಾಳಾಗುವ ಕಾಯಿಲೆ ಇದು. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದ ಜಾಗವೇ ಕಾಣುವುದಿಲ್ಲ. ಇದರಲ್ಲಿ ಒಣ ಬಗೆ ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಒದ್ದೆ ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಹುಟ್ಟಬಾರದ ರಕ್ತನಾಳಗಳು ಹುಟ್ಟಿ, ಸೋರಿ, ವಾರಗಳಲ್ಲಿಯೇ ನೋಟ ಕೆಡುತ್ತದೆ. ಮೂರನೆಯದು ಗ್ಲಕೋಮಾ, ಅಂದರೆ ಹೆಚ್ಚಾಗಿ ಕಣ್ಣಿನ ಒತ್ತಡ ಏರಿ ನರ ಸಾಯುವುದು. ಇದರಲ್ಲಿ ಮೊದಲು ಅಂಚಿನ ನೋಟ ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಡುವುದು ನಾಲ್ಕನೆಯದು. ಇವೆಲ್ಲದರ ಜೊತೆಗೆ, ಬರಿಯ ಕನ್ನಡಕದ ನಂಬರು ಬದಲಾಗಿರುವ ಸಾಧ್ಯತೆಯೂ ಇದೆ. ಚಾಳೀಸು ತೆಗೆದುಕೊಂಡು ಹತ್ತು ವರ್ಷವಾದವರಿಗೆ ಹೊಸ ಕನ್ನಡಕವೇ ಅರ್ಧ ಚಿಕಿತ್ಸೆಯಾದ ಉದಾಹರಣೆಗಳನ್ನು ನಾನೇ ನೋಡಿದ್ದೇನೆ. ಅಗ್ಗದ ಆಯ್ಕೆಯನ್ನು ಮೊದಲು ಪರೀಕ್ಷಿಸಿ.

ನಮ್ಮ ಅಪ್ಪನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲಿಯೇ. ಪೊರೆಯೆಂದರು, ಒಳ್ಳೆಯ ಲೆನ್ಸ್ ಹಾಕಿದರು, ಆಪರೇಷನ್ ಕೂಡ ಚೆನ್ನಾಗಿಯೇ ಆಯಿತು. ಆದರೆ ಕಟ್ಟು ಬಿಚ್ಚಿದ ಮೇಲೂ ಅಪ್ಪನಿಗೆ ಪತ್ರಿಕೆಯ ಅಕ್ಷರ ಕಾಣಲಿಲ್ಲ. ಮ್ಯಾಕುಲಾ ಮೊದಲೇ ಸವೆದಿತ್ತು ಎಂಬುದು ಆಮೇಲೆ ಇನ್ನೊಂದು ಕಡೆ ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಮಾಡಿಸಿದಾಗ ತಿಳಿಯಿತು. ಆಪರೇಷನ್ ವ್ಯರ್ಥವಾಯಿತೆಂದಲ್ಲ, ಬೆಳಕು ಮತ್ತು ಬಣ್ಣ ಅವರಿಗೆ ಮರಳಿ ಬಂತು. ಮೊದಲೇ ಹೇಳಿದ್ದರೆ ಅಷ್ಟೊಂದು ಆಸೆ ಇಟ್ಟುಕೊಳ್ಳುತ್ತಿರಲಿಲ್ಲ, ದುಬಾರಿ ಲೆನ್ಸಿಗೆ ಹಣವನ್ನೂ ಹಾಕುತ್ತಿರಲಿಲ್ಲ. ಆದ್ದರಿಂದ ಆಪರೇಷನ್ನಿಗೆ ಒಪ್ಪುವ ಮೊದಲು, ಪಾಪೆ ಅಗಲ ಮಾಡಿ ರೆಟಿನಾ ನೋಡಿದ್ದೀರಾ, ಆಪರೇಷನ್ ಆದ ಮೇಲೆ ಎಷ್ಟು ನೋಟ ಬರಬಹುದು ಎಂದು ಕೇಳಿ. ಪೊರೆ ತೀರ ದಟ್ಟವಾಗಿದ್ದರೆ ರೆಟಿನಾ ಕಾಣುವುದಿಲ್ಲ. ಆಗ ಕಣ್ಣಿನ ಅಲ್ಟ್ರಾಸೌಂಡ್ ಆದ ಬಿ-ಸ್ಕ್ಯಾನ್ ಮಾಡಿ ರೆಟಿನಾ ಕಳಚಿಲ್ಲವೆಂಬುದನ್ನಾದರೂ ಖಚಿತಪಡಿಸಿಕೊಳ್ಳುತ್ತಾರೆ.

ಪೊರೆಯ ಆಪರೇಷನ್: ವಿಧಾನ, ಲೆನ್ಸ್, ಊರು

ಮಾಸಿದ ಮಸೂರವನ್ನು ತೆಗೆದು ಕೃತಕ ಲೆನ್ಸ್ ಇಡುವ ಕೆಲಸವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಮೊದಲು ಮಾಡಿದರು. ಈಗ ನಮ್ಮಲ್ಲಿ ನಡೆಯುವುದು ಮುಖ್ಯವಾಗಿ ಎರಡು ವಿಧಾನ. ಒಂದರಲ್ಲಿ ಆರೇಳು ಮಿಲಿಮೀಟರಿನ ಗಾಯ ಮಾಡಿ ಪೊರೆಯ ಗಟ್ಟಿಯನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಗಾಯ ತಾನಾಗಿ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ಹೊಲಿಗೆ ಬೇಡ. ಆಸ್ಪತ್ರೆಗಳಲ್ಲಿ ಇದನ್ನು ಎಸ್‌ಐಸಿಎಸ್ ಎನ್ನುತ್ತಾರೆ, ಶಿಬಿರಗಳ ಮೂಲಕ ಆಗುವ ಆಪರೇಷನ್ನುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಇನ್ನೊಂದು ಫೇಕೋ. ಮೂರು ಮಿಲಿಮೀಟರಿಗೂ ಕಡಿಮೆ ಗಾಯದಲ್ಲಿ, ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆದು, ಮಡಚಿದ ಲೆನ್ಸ್ ಒಳಗೆ ಸೇರಿಸುತ್ತಾರೆ. ಜನ ಇದನ್ನು ಲೇಸರ್ ಆಪರೇಷನ್ ಎಂದು ಕರೆಯುತ್ತಾರಾದರೂ ಸಾಮಾನ್ಯ ಫೇಕೋದಲ್ಲಿ ಲೇಸರ್ ಇಲ್ಲ.

ಫೇಕೋ ಆದವರು ಬೇಗ ಚೇತರಿಸಿಕೊಳ್ಳುತ್ತಾರೆ, ಅಡ್ಡ ನಂಬರು (ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವುದು) ಕಡಿಮೆ ಬರುತ್ತದೆ. ಆದರೆ ಕೆಲವು ತಿಂಗಳು ಕಳೆದ ಮೇಲೆ, ಕನ್ನಡಕ ಹಾಕಿಕೊಂಡಾಗ ಎರಡೂ ವಿಧಾನದವರ ನೋಟದಲ್ಲಿ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ಬಿತ್ತನೆ ಮುಗಿಯಲಿ, ಕೊಯ್ಲು ಮುಗಿಯಲಿ, ಮೊಮ್ಮಗಳ ಮದುವೆ ಮುಗಿಯಲಿ ಎಂದು ಮುಂದೂಡುತ್ತ ಬಂದು ಕಲ್ಲಿನಂತೆ ಗಟ್ಟಿಯಾದ ಕಂದು ಪೊರೆಗೆ ಎಸ್‌ಐಸಿಎಸ್ಸೇ ಹಿತವೆಂದು ಅನುಭವಿ ವೈದ್ಯರು ಹೇಳುವುದುಂಟು, ಏಕೆಂದರೆ ಗಟ್ಟಿ ಪೊರೆಯನ್ನು ಒಡೆಯಲು ಬಳಸುವ ಹೆಚ್ಚಿನ ಶಕ್ತಿ ಕಣ್ಣಿನ ಕರಿಗುಡ್ಡೆಯ ಒಳಪದರಕ್ಕೆ ಪೆಟ್ಟು ಕೊಡಬಲ್ಲದು. ಆದ್ದರಿಂದ ಉಚಿತ ವಿಧಾನವೆಂದರೆ ಕಳಪೆ ವಿಧಾನ ಎಂಬ ಭಾವನೆಯನ್ನು ಬಿಡಿ. ಪೊರೆ ಹಣ್ಣಾಗಲಿ ಎಂದು ಕಾಯುವ ಹಳೆಯ ಮಾತನ್ನೂ ಬಿಡಿ. ಅತಿಯಾಗಿ ಬಲಿತ ಪೊರೆ ಊದಿಕೊಂಡೋ ಸೋರಿಯೋ ಕಣ್ಣಿನ ಒತ್ತಡ ಏರಿಸಿ, ನರವನ್ನೇ ಕೊಂದುಬಿಡಬಹುದು.

ಇನ್ನು ಲೆನ್ಸ್. ದರಪಟ್ಟಿ ನೋಡಿ ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲಿ. ಮೋನೋಫೋಕಲ್ ಲೆನ್ಸ್ ಒಂದು ದೂರಕ್ಕೆ ಮಾತ್ರ ಸ್ಪಷ್ಟ ನೋಟ ಕೊಡುತ್ತದೆ. ಸಾಮಾನ್ಯವಾಗಿ ದೂರದ್ದಕ್ಕೆ ಹೊಂದಿಸುತ್ತಾರೆ, ಓದಲು ಚಾಳೀಸು ಬೇಕಾಗುತ್ತದೆ. ಮಲ್ಟಿಫೋಕಲ್ ಲೆನ್ಸ್ ದೂರ, ಹತ್ತಿರ ಎರಡಕ್ಕೂ ಬೆಳಕನ್ನು ಹಂಚುತ್ತದೆ, ಕನ್ನಡಕದ ಅವಲಂಬನೆ ಕಡಿಮೆಯಾಗುತ್ತದೆ, ಬೆಲೆ ಹಲವು ಪಟ್ಟು ಹೆಚ್ಚು. ಬೆಳಕು ಹಂಚಿಹೋಗುವುದರಿಂದ ಮಬ್ಬಿನಲ್ಲಿ ಸ್ಪಷ್ಟತೆ ಸ್ವಲ್ಪ ತಗ್ಗುತ್ತದೆ, ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ. ಮ್ಯಾಕುಲಾ ಸವೆದವರಿಗೆ, ಗ್ಲಕೋಮಾ ಇರುವವರಿಗೆ ಇದು ಹೊಂದುವುದಿಲ್ಲ. ಅಡ್ಡ ನಂಬರು ಹೆಚ್ಚಿರುವವರಿಗೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್ ನಿಜಕ್ಕೂ ಉಪಯುಕ್ತ. ಹೆಚ್ಚಿನ ಹಣ ಕೊಡಲೇಬೇಕೆಂದರೆ ನಾನು ಇದಕ್ಕೆ ಕೊಡುತ್ತೇನೆ. ಎಪ್ಪತ್ತು ದಾಟಿದ, ಚಾಳೀಸು ಹಾಕಿಕೊಂಡೇ ಬದುಕಿದ ನಮ್ಮ ಹಿರಿಯರಲ್ಲಿ ಬಹುತೇಕರಿಗೆ ಮೋನೋಫೋಕಲ್ ಸಾಕು. ದಿನವಿಡೀ ಜನರ ಜೊತೆ ವ್ಯವಹರಿಸುವ, ಕನ್ನಡಕ ಬೇಡವೇ ಬೇಡ ಎನ್ನುವ, ರಾತ್ರಿ ವಾಹನ ಓಡಿಸದ, ರೆಟಿನಾ ಚೆನ್ನಾಗಿರುವ ಅರವತ್ತರ ಅಂಗಡಿಕಾರರಿಗೆ ಮಲ್ಟಿಫೋಕಲ್ ಒಪ್ಪಬಹುದು.

ಮೊಳಕಾಲ್ಮೂರಿನ ನೇಕಾರರ ಮಗನಿಗೆ ನಾನು ಹೇಳಿದ್ದು ಬೇರೆಯೇ. ಮೋನೋಫೋಕಲ್ ಲೆನ್ಸನ್ನು ದೂರಕ್ಕೇ ಹೊಂದಿಸಬೇಕೆಂಬ ನಿಯಮವಿಲ್ಲ. ತಂದೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಾಗ ಕಣ್ಣಿನಿಂದ ನೇಯ್ಗೆಯವರೆಗೆ ಎಷ್ಟು ದೂರ ಎಂಬುದನ್ನು ಟೇಪಿನಲ್ಲಿ ಅಳೆದು, ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಈ ದೂರಕ್ಕೆ ಲೆನ್ಸ್ ಹೊಂದಿಸಲು ಬರುತ್ತದೆಯೇ ಎಂದು ಕೇಳಿ ಎಂದೆ. ಹಾಗೆ ಮಾಡಿದರೆ ಮಗ್ಗದ ಮುಂದೆ ಕನ್ನಡಕ ಬೇಡ, ಬೀದಿಗೆ ಇಳಿದಾಗ ಬೇಕು. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ, ಆಪರೇಷನ್ನಿಗೆ ಮೊದಲು ಕೇಳಬೇಕು ಅಷ್ಟೇ.

ಎಲ್ಲಿ ಮಾಡಿಸಬೇಕು ಎಂಬುದಕ್ಕೆ ಬರೋಣ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದುಬಂದಿದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾಗಲಿ ಹತ್ತಿರದಲ್ಲಿವೆ, ಖರ್ಚು ಕಡಿಮೆ. ಎರಡೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ; ಕಾಯುವುದು ಹೆಚ್ಚು, ಆದರೆ ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರಿಗೆ ಬೇರೆ ವಿಭಾಗದ ವೈದ್ಯರು ಅದೇ ಆವರಣದಲ್ಲಿ ಸಿಗುತ್ತಾರೆ. ಕಣ್ಣಿಗೇ ಮೀಸಲಾದ ದೊಡ್ಡ ಆಸ್ಪತ್ರೆ ಬೇಕೆಂದರೆ ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆ, ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಸಂಸ್ಥೆ, ಬೆಂಗಳೂರಿನ ಸರ್ಕಾರಿ ಮಿಂಟೊ ಆಸ್ಪತ್ರೆ ಇವೆ. ಸಾಮಾನ್ಯ ಪೊರೆಗೆ ಬೆಂಗಳೂರಿಗೆ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆಪರೇಷನ್ ಆದ ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ತೋರಿಸಬೇಕು. ಹಿರಿಯರನ್ನು ಅಷ್ಟು ಸಲ ಇನ್ನೂರು, ಇನ್ನೂರೈವತ್ತು ಕಿಲೋಮೀಟರು ಕರೆದೊಯ್ಯುವವರು ಯಾರು?

ಶಿಬಿರದ ಅನುಕೂಲವೆಂದರೆ ಕರೆದೊಯ್ದು, ಊಟ ಹಾಕಿ, ಮರಳಿ ಬಿಡುತ್ತಾರೆ. ಕೊರತೆಯೆಂದರೆ ಆಮೇಲಿನ ತಪಾಸಣೆ ಎಲ್ಲಿ, ಯಾರು ಮಾಡುತ್ತಾರೆ ಎಂಬುದು ಹಲವು ಸಲ ಅಸ್ಪಷ್ಟ. ಆಪರೇಷನ್ ನಡೆಯುವುದು ನಿಜವಾದ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿಯೇ ಎಂಬುದನ್ನು, ಮರುತಪಾಸಣೆಯ ದಿನಾಂಕ ಮತ್ತು ಸ್ಥಳವನ್ನು ಚೀಟಿಯಲ್ಲಿ ಬರೆಸಿಕೊಂಡರೆ ಶಿಬಿರದಲ್ಲಿ ಮಾಡಿಸಲು ಹಿಂಜರಿಯಬೇಕಿಲ್ಲ. ನಮ್ಮ ಅತ್ತೆಗೆ ಹಾಗೆಯೇ ಆದದ್ದು, ಇಂದಿಗೂ ಅಕ್ಕಿಯಲ್ಲಿನ ಕಲ್ಲನ್ನು ಅವರೇ ಆರಿಸುತ್ತಾರೆ.

ಒದ್ದೆ ಮ್ಯಾಕುಲಾಕ್ಕೆ ಇಂಜೆಕ್ಷನ್: ಯಾವ ಔಷಧ, ಎಷ್ಟು ಸಲ

ಪೊರೆಯ ಲೆಕ್ಕ ಒಂದು ಸಲದ್ದು. ಒದ್ದೆ ಮ್ಯಾಕುಲಾದ ಲೆಕ್ಕ ವರ್ಷಗಳದ್ದು, ಆದ್ದರಿಂದ ಇಲ್ಲಿ ಹೆಚ್ಚು ಯೋಚಿಸಬೇಕು, ಆದರೆ ಬೇಗ ಯೋಚಿಸಬೇಕು. ಬಾಗಿಲ ಚೌಕಟ್ಟು, ಕರೆಂಟು ಕಂಬ ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಅದೇ ವಾರ ರೆಟಿನಾ ತಜ್ಞರ ಬಳಿ ಹೋಗಬೇಕು. ಮನೆಯಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚೌಕಗಳನ್ನು ಒಂದೊಂದೇ ಕಣ್ಣು ಮುಚ್ಚಿಕೊಂಡು ನೋಡುವಂತೆ ಹಿರಿಯರಿಗೆ ಅಭ್ಯಾಸ ಮಾಡಿಸಿ; ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಡುತ್ತದೆ.

ಚಿಕಿತ್ಸೆಯೆಂದರೆ ರಕ್ತನಾಳ ಬೆಳೆಯದಂತೆ ತಡೆಯುವ ಔಷಧವನ್ನು ಕಣ್ಣಿನೊಳಗೆ ಚುಚ್ಚುವುದು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಮರಗಟ್ಟಿಸುವ ಹನಿ ಹಾಕಿ ಕೆಲವೇ ಕ್ಷಣಗಳಲ್ಲಿ ಮುಗಿಸುತ್ತಾರೆ. ಬೆವಾಸಿಜುಮ್ಯಾಬ್ ಕರುಳಿನ ಕ್ಯಾನ್ಸರಿಗೆಂದು ಬಂದ ಔಷಧ. ಅದರ ಒಂದು ಸೀಸೆಯನ್ನು ಹಲವು ಚಿಕ್ಕ ಪ್ರಮಾಣಗಳಾಗಿ ವಿಂಗಡಿಸಿ ಕಣ್ಣಿಗೆ ಬಳಸುವುದರಿಂದ ಎಲ್ಲಕ್ಕಿಂತ ಅಗ್ಗ. ರಾನಿಬಿಜುಮ್ಯಾಬ್ ಕಣ್ಣಿಗೆಂದೇ ತಯಾರಾದದ್ದು. 2015ರಲ್ಲಿ ಇದರ ಭಾರತೀಯ ಪ್ರತಿರೂಪ ಮಾರುಕಟ್ಟೆಗೆ ಬಂದ ಮೇಲೆ ಕಡಿಮೆ ಬೆಲೆಯ ಆಯ್ಕೆಯೊಂದು ಸಿಕ್ಕಿತು. ಅಫ್ಲಿಬರ್ಸೆಪ್ಟ್ ಇನ್ನೂ ದುಬಾರಿ, ಆದರೆ ಅದರ ಪರಿಣಾಮ ಹೆಚ್ಚು ದಿನ ಉಳಿಯುತ್ತದೆ. ಬೆವಾಸಿಜುಮ್ಯಾಬ್ ಮತ್ತು ರಾನಿಬಿಜುಮ್ಯಾಬ್ ಎರಡನ್ನೂ ನೇರವಾಗಿ ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡರಲ್ಲೂ ನೋಟದ ಫಲಿತಾಂಶ ಸಮಸಮವಾಗಿತ್ತು. ಹಾಗಾದರೆ ಅಗ್ಗದ್ದರಲ್ಲಿ ತೊಡಕೇನು? ಸೀಸೆಯಿಂದ ವಿಂಗಡಿಸುವಾಗ ಶುಚಿತ್ವ ತಪ್ಪಿದರೆ ಒಂದೇ ದಿನ ಹಲವರ ಕಣ್ಣಿಗೆ ಸೋಂಕು ತಗುಲಬಹುದು. ಆದ್ದರಿಂದ, ಔಷಧವನ್ನು ಎಲ್ಲಿ, ಹೇಗೆ ವಿಂಗಡಿಸುತ್ತೀರಿ ಎಂದು ಮುಜುಗರವಿಲ್ಲದೆ ಕೇಳಿ. ಸರಿಯಾದ ವ್ಯವಸ್ಥೆ ಇರುವವರು ಇದಕ್ಕೆ ಸಿಡುಕುವುದಿಲ್ಲ.

ಈಗ ಜೊತೆಗೆ ಹೋಗುವವರ ಲೆಕ್ಕ. ಪ್ರತಿ ತಿಂಗಳೂ ಚುಚ್ಚಿಸಿದರೆ ಮೊದಲ ವರ್ಷ ಹನ್ನೆರಡು ಸಲ. ಅಫ್ಲಿಬರ್ಸೆಪ್ಟನ್ನು ಮೊದಲ ಮೂರು ತಿಂಗಳು ತಿಂಗಳಿಗೊಂದರಂತೆ, ಆಮೇಲೆ ಎರಡು ತಿಂಗಳಿಗೊಂದರಂತೆ ಕೊಟ್ಟರೆ ಏಳು ಸಲ. ಐದು ಪ್ರಯಾಣ ಉಳಿಯಿತು. ಮಗನ ಒಂದು ದಿನದ ಕೂಲಿ, ಬಸ್ಸು, ಆಟೋ, ಹೋಟೆಲು ಊಟ ಸೇರಿ ಒಂದು ಪ್ರಯಾಣಕ್ಕೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಉಳಿದದ್ದು ಐದು ಸಾವಿರ. ಔಷಧದ ಬೆಲೆಯ ಅಂತರದ ಮುಂದೆ ಇದು ಚಿಕ್ಕದು. ಹಾಗಾಗಿ ಬರಿಯ ಹಣದ ಲೆಕ್ಕದಲ್ಲಿ ಅಗ್ಗದ ಔಷಧವೇ ಗೆಲ್ಲುತ್ತದೆ. ಅದರಲ್ಲೂ ರೆಟಿನಾದ ಸೋರಿಕೆ ನಿಂತಂತೆಲ್ಲ ಚುಚ್ಚುಗಳ ನಡುವಿನ ಅಂತರವನ್ನು ಎರಡೆರಡು ವಾರ ಹೆಚ್ಚಿಸುತ್ತ ಹೋಗುವ ಪದ್ಧತಿ ಈಗ ಸಾಮಾನ್ಯವಾಗಿದೆ, ಎಲ್ಲ ಔಷಧಗಳಿಗೂ ಅದು ಅನ್ವಯಿಸುತ್ತದೆ. ದುಬಾರಿ ಔಷಧ ಗೆಲ್ಲುವುದು ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು, ಮನೆಯಲ್ಲಿ ಇಬ್ಬರೇ ವೃದ್ಧರಿದ್ದು, ತಿಂಗಳಿಗೊಮ್ಮೆ ಕರೆದೊಯ್ಯಲು ಯಾರೂ ಇಲ್ಲದ ಕಡೆ.

ನಾನು ಕಂಡಂತೆ ಹೆಚ್ಚು ಕಣ್ಣು ಹೋಗುವುದು ತಪ್ಪು ಔಷಧದಿಂದಲ್ಲ, ನಡುವೆ ನಿಲ್ಲಿಸುವುದರಿಂದ. ದುಬಾರಿಯದರಲ್ಲಿ ಶುರುಮಾಡಿ, ಎರಡನೆಯದಕ್ಕೆ ಸಾಲ ಮಾಡಿ, ಮೂರನೆಯದಕ್ಕೆ ಹೋಗದವರನ್ನು ಬಲ್ಲೆ. ಎರಡು ವರ್ಷ ತಪ್ಪದೆ ಹಾಕಿಸಲು ಯಾವುದು ಸಾಧ್ಯವೋ ಅದರಿಂದಲೇ ಆರಂಭಿಸಿ. ಹೆಂಗಸರಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾದದ್ದು ಈ ವಿಷಯದಲ್ಲಿ ದೊಡ್ಡ ಉಪಕಾರ. ಅತ್ತೆಯ ಜೊತೆ ಸೊಸೆಯೋ ಮಗಳೋ ಹೊರಟರೆ ಶಿವಮೊಗ್ಗಕ್ಕೂ ಹುಬ್ಬಳ್ಳಿಗೂ ಟಿಕೆಟ್ಟಿನ ಖರ್ಚಿಲ್ಲ. ಹೊರಡುವಾಗ ಬಿಪಿಎಲ್ ಕಾರ್ಡು, ಆಧಾರ್, ವಿಮೆ ಇದ್ದರೆ ಅದರ ಪತ್ರ ಜೊತೆಗಿರಲಿ. ಯಾವ ಚಿಕಿತ್ಸೆಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ಒಣ ಬಗೆಯ ಮ್ಯಾಕುಲಾ ಸವೆತಕ್ಕೆ ಈ ಇಂಜೆಕ್ಷನ್ನುಗಳಿಂದ ಪ್ರಯೋಜನವಿಲ್ಲ. ಅಮೆರಿಕದಲ್ಲಿ 2023ರಲ್ಲಿ ಒಣ ಬಗೆಯ ಕೊನೆಯ ಹಂತಕ್ಕೆ ಎರಡು ಹೊಸ ಔಷಧಗಳಿಗೆ ಅನುಮತಿ ಸಿಕ್ಕಿತು, ಆದರೆ ಅವು ಹೋದ ನೋಟವನ್ನು ಮರಳಿಸುವುದಿಲ್ಲ, ಸವೆತದ ವೇಗವನ್ನು ತಗ್ಗಿಸುತ್ತವೆ ಅಷ್ಟೇ. ಕಣ್ಣಿನ ವಿಟಮಿನ್ ಎಂದು ಮಾರುವ ಗುಳಿಗೆಗಳ ಬಗ್ಗೆಯೂ ಒಂದು ಮಾತು: ವಿಟಮಿನ್ ಸಿ, ಇ, ಸತು, ತಾಮ್ರ, ಲೂಟೀನ್ ಮತ್ತು ಜಿಯಾಜ್ಯಾಂಥಿನ್ ನಿಗದಿತ ಪ್ರಮಾಣದಲ್ಲಿರುವ ಗುಳಿಗೆ ಮಧ್ಯಮ ಹಂತದ ಸವೆತ ಇರುವವರಲ್ಲಿ ಅದು ಬಲಿಯುವ ಸಂಭವವನ್ನು ಐದು ವರ್ಷಗಳಲ್ಲಿ ಸುಮಾರು ಕಾಲುಭಾಗದಷ್ಟು ತಗ್ಗಿಸುತ್ತದೆ. ಆರಂಭದ ಹಂತದವರಿಗೆ, ಬರಿಯ ಪೊರೆ ಇರುವವರಿಗೆ ಇದು ವ್ಯರ್ಥ ಖರ್ಚು. ಬೀಡಿ ಸೇದುವವರು, ಸೇದಿ ಬಿಟ್ಟವರು ಬೀಟಾ ಕ್ಯಾರೊಟಿನ್ ಇರುವ ಗುಳಿಗೆ ತೆಗೆದುಕೊಳ್ಳಬಾರದು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಬೀಡಿ ಬಿಡುವುದಕ್ಕಂತೂ ಖರ್ಚೇ ಇಲ್ಲ.

ಗ್ಲಕೋಮಾದಲ್ಲಿ ಆಯ್ಕೆ ಸರಳ: ಜೀವನಪರ್ಯಂತ ದಿನವೂ ಹನಿ, ಇಲ್ಲವೆ ಕೆಲವು ವರ್ಷ ಪರಿಣಾಮ ಉಳಿಯುವ ಎಸ್‌ಎಲ್‌ಟಿ ಎಂಬ ಲೇಸರ್, ಎರಡರಿಂದಲೂ ಒತ್ತಡ ಇಳಿಯದಿದ್ದರೆ ಆಪರೇಷನ್. ಹನಿ ಹಾಕುವುದನ್ನು ಮರೆಯುವ, ಕೈ ನಡುಗುವ, ಒಂಟಿಯಾಗಿರುವ ಹಿರಿಯರಾದರೆ ಲೇಸರಿನ ವಿಷಯವನ್ನು ನೀವಾಗಿಯೇ ಎತ್ತಿ.

ಚಿಕಿತ್ಸೆ ಮುಗಿದ ಮೇಲೂ ಮಂಜು ಉಳಿದರೆ

ಅಪ್ಪನ ವಿಷಯದಲ್ಲಿ ನಾವು ಬಂದು ನಿಂತದ್ದು ಇಲ್ಲಿಗೆ. ಎದುರಿನಿಂದಲ್ಲ, ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವ ಒಳ್ಳೆಯ ದೀಪ, ಪುಟದ ಮೇಲೆಯೇ ಕೂರುವ ಭೂತಗನ್ನಡಿ, ಅಕ್ಷರ ದೊಡ್ಡದು ಮಾಡಿ ಗಟ್ಟಿಯಾಗಿ ಓದಿ ಹೇಳುವ ಮೊಬೈಲು, ಇವು ಮೂರೂ ಸೇರಿ ಮಲ್ಟಿಫೋಕಲ್ ಲೆನ್ಸಿನ ಬೆಲೆಗಿಂತ ಎಷ್ಟೋ ಕಡಿಮೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಅಪ್ಪನಿಗೆ ಕಾಣುತ್ತಿರಲಿಲ್ಲ, ರಾಗಿ ಮುದ್ದೆ ಕಾಣುತ್ತಿತ್ತು. ಅವರಿಗೆ ಅನ್ನ ಸೇರುವುದಿಲ್ಲವೆಂದೇ ಅಮ್ಮ ತಿಳಿದಿದ್ದಳು. ಕಡು ಬಣ್ಣದ ತಟ್ಟೆ ತಂದ ಮೇಲೆ ಗುಟ್ಟು ಬಯಲಾಯಿತು. ಕನ್ನಡಕ ಹಾಕಿಯೂ ಒಳ್ಳೆಯ ಕಣ್ಣಿನ ನೋಟ 3/60ಕ್ಕಿಂತ (ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದ ಮಾತ್ರ ಕಾಣುವುದು) ಕಡಿಮೆಯಿದ್ದರೆ 2016ರ ಅಂಗವಿಕಲರ ಕಾಯ್ದೆಯಲ್ಲಿ ಅಂಧತ್ವವೆಂದೂ, ಅದಕ್ಕಿಂತ ಮೇಲಿದ್ದು 6/18 ದಾಟದಿದ್ದರೆ ಮಂದ ದೃಷ್ಟಿಯೆಂದೂ ಪರಿಗಣನೆಯಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಮಾಣಪತ್ರಕ್ಕಾಗಿ ವಿಚಾರಿಸಲು ನಾಚಿಕೆ ಬೇಡ.

ಯಾವುದನ್ನೇ ಆರಿಸಿಕೊಂಡರೂ, ಆಪರೇಷನ್ ಅಥವಾ ಇಂಜೆಕ್ಷನ್ ಆದ ಮೊದಲ ದಿನಗಳಲ್ಲಿ ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ಬಂದ ನೋಟ ಮತ್ತೆ ಮಂಜಾದರೆ ಬೆಳಗಾಗಲಿ ಎಂದು ಕಾಯಬಾರದು. ಒಳಗಿನ ಸೋಂಕಾಗಿದ್ದರೆ ಗಂಟೆಗಳು ಕೂಡ ಲೆಕ್ಕಕ್ಕೆ ಬರುತ್ತವೆ. ಆಸ್ಪತ್ರೆಯಿಂದ ಹೊರಡುವ ಮೊದಲು ರಾತ್ರಿ ಯಾವ ಸಂಖ್ಯೆಗೆ ಫೋನು ಮಾಡಬೇಕೆಂದು ಕೇಳಿ, ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ಕಣ್ಣಿನ ಹನಿಯ ಸೀಸೆ ಇಡುವ ಗೂಡಿನ ಪಕ್ಕದ ಗೋಡೆಗೆ ಅಂಟಿಸಿ.